ಗುಲ್ಶನ್ ಮನೆಯ ಗಡಿಗೆಗಳು

ಕಮಲಾಪುರದ ಸೂಗಮ್ಮ ಬಾಯಿಸತ್ತವಳೆಂದು ಊರೆಲ್ಲ ನಂಬಿತ್ತು. ಅಂಬಮ್ಮನಂಥ ಅತ್ತೆ ಇದ್ದರೆ ಯಾರ ಬಾಯಾದರೂ ಸಾಯುತ್ತದೆ ಬಿಡಿ. ಉಗ್ರಾಣದ ಕೀಲಿ ಆಕೆಯ ಸೊಂಟ ಬಿಟ್ಟು ಇಳಿದದ್ದೇ ಇಲ್ಲ. ಆದರೂ ಸೂಗಮ್ಮ ಬೀಸುವ ಜೋಳದಲ್ಲಿ ದಿನಾ ಒಂದು ಹಿಡಿ ಸೆರಗಿಗೆ ಕಟ್ಟುತ್ತಿದ್ದಳು. ಕಲಬುರಗಿಯ ಗಾಜಿಪುರದ ತವರಿಗೆ ಬರಿಗೈಲಿ ಹೋಗಬಾರದಲ್ಲ.

ಆ ಜೋಳ ಸೇರುತ್ತಿದ್ದುದು ಎತ್ತಿನ ಗೊರಸಿಗೆ ನಾಲು ಬಡಿಯುವ ನಬಿಸಾಬನ ಮನೆಗೆ, ಅವನ ಹೆಂಡತಿ ಗುಲ್ಶನ್ ಕೈಗೆ. ನೆಂಟರಿಷ್ಟರ ಮನೆಯಲ್ಲಿ ಇಟ್ಟರೆ ಸುದ್ದಿ ಸಂಜೆಯೊಳಗೆ ಅತ್ತೆಯ ಕಿವಿಗೆ ಬೀಳುತ್ತದೆ. ಗುಲ್ಶನ್ ಯಾರಿಗೂ ಬೀಗಿತಿಯಲ್ಲ, ನಾದಿನಿಯಲ್ಲ. ಗುಟ್ಟಿಡಲು ಅಂಥವಳೇ ಬೇಕು.

ಅದು ಜರ್ಮನ್ ಯುದ್ಧ ಮುಗಿದ ವರ್ಷ. ಜೋಳದ ಧಾರಣೆ ಮುಗಿಲು ಮುಟ್ಟಿತ್ತು. ಕಲಬುರಗಿಯ ಗಿರಣಿಯಲ್ಲಿ ಕೆಲಸ ಕಳೆದುಕೊಂಡು ಬಂದ ಸೂಗಮ್ಮನ ಗಂಡ ಜಗದೇವಪ್ಪ ಒಂದು ಅಚ್ಚಿನ ಹಾಳೆ ತಂದ. ಸಾಬರು ಜೋಳ ಬಚ್ಚಿಡುತ್ತಿದ್ದಾರೆ, ನಿಮ್ಮನ್ನು ಉಪವಾಸ ಕೆಡವಿ ಊರು ಹಿಡಿಯುತ್ತಾರೆ ಎಂದು ಅದರಲ್ಲಿತ್ತು. ಹಸಿದವನಿಗೆ ಯಾರ ಮೇಲಾದರೂ ಸಿಟ್ಟು ಬೇಕು, ಹಾಳೆ ಅದನ್ನು ಪುಕ್ಕಟೆ ಕೊಟ್ಟಿತು. ರಾಜ್ಯ ನಿಜಾಮರದಾದರೇನು, ನಬಿಸಾಬನ ಸೂರು ಸೋರುವುದು ತಪ್ಪಿರಲಿಲ್ಲ. ಊರಲ್ಲಿ ಸಾಬರವು ಇದ್ದದ್ದೇ ನಾಲ್ಕು ಮನೆ. ಆ ನಾಲ್ಕಕ್ಕೆ ಊರಿಗೆ ಊರೇ ಹೆದರಿತು.

ಒಂದು ಬೆಳಿಗ್ಗೆ ಗಂಡಸರು ನಬಿಸಾಬನ ಮನೆ ಹೊಕ್ಕು ಗಡಿಗೆಗಳನ್ನು ಅಂಗಳಕ್ಕೆ ತಂದಿಟ್ಟರು. ಎಲ್ಲದರಲ್ಲೂ ಕಂಠಮಟ್ಟ ಬಿಳಿಜೋಳ. ತನ್ನದೊಂದೇ ಇರುತ್ತದೆಂದುಕೊಂಡಿದ್ದ ಸೂಗಮ್ಮ ಬೆಚ್ಚಿದಳು. ಹಾಳೆಯ ಮಾತು ನಿಜವಿರಬಹುದೇ ಎಂದು ಒಂದು ಕ್ಷಣ ಅವಳಿಗೂ ಅನ್ನಿಸಿತು.

"ನಾಲು ಬಡಿಯಾಂವನ ಮನ್ಯಾಗ ಇಷ್ಟು ಜ್ವಾಳ ಎಲ್ಲಿಂದ ಬಂತು?" ಎಂದ ಜಗದೇವಪ್ಪ.

ಗೌಡ ದೇವಿಂದ್ರಪ್ಪ ಗುಲ್ಶನ್ ಕಡೆ ತಿರುಗಿದ. "ಯಾರದು ಹೇಳವ್ವ. ಇಲ್ಲಂದ್ರ ಸಂಜಿಯೊಳಗ ನಿಮ್ಮ ನಾಲ್ಕೂ ಮನಿ ಊರು ಬಿಡಬೇಕಾಗ್ತದ."

"ಇಟ್ಟವ್ರಿಗೆ ಮಾತು ಕೊಟ್ಟೀನ್ರೀ ಗೌಡ್ರ. ಹೇಳಂಗಿಲ್ಲ" ಎಂದಳು ಗುಲ್ಶನ್. ಗುಂಪಿನಲ್ಲಿದ್ದ ಸೂಗಮ್ಮನ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ.

ಅದೇ ಸೂಗಮ್ಮನಿಗೆ ಚುಚ್ಚಿತು. ಬಾಯಿ ಬಿಟ್ಟರೆ ತಾನು ಗಂಡನ ಮನೆಯಲ್ಲಿ ಕಳ್ಳಿ. ಬಿಡದಿದ್ದರೆ ಗುಲ್ಶನ್ ಬೀದಿಪಾಲು. ಒಂದು ಕ್ಷಣ ಅನುಮಾನಪಟ್ಟದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು. ಮುಂದೆ ಬಂದು ಒಂದು ಗಡಿಗೆಯ ಮೇಲೆ ಕೈಯಿಟ್ಟಳು.

"ಇದು ನಂದು. ನಮ್ಮ ಮನೀ ಜ್ವಾಳನ. ನಾನೇ ಕದ್ದು ತಂದಿಟ್ಟೀನಿ."

ಜಗದೇವಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಗೌಡನ ಹೆಂಡತಿ ಜಯದೇವಿ, "ಆ ಮೂಲ್ಯಾಗಿಂದು ನಂದ್ರೀ" ಎಂದಳು. ಗೌಡ ಮೀಸೆಯ ಮೇಲಿನ ಕೈ ಇಳಿಸಿದ. ಆಮೇಲೆ ತಡೆಯುವವರೇ ಇಲ್ಲ. ಒಬ್ಬೊಬ್ಬಳೇ ಬಂದು ತನ್ನ ಗಡಿಗೆಯ ಪಕ್ಕ ಎದೆಯೆತ್ತಿ ನಿಂತಳು. ಸಾಬರು ಬಚ್ಚಿಟ್ಟ ಜೋಳವೆಲ್ಲ ಹೆದರಿದವರ ಹೆಂಡಿರದೇ. ಹಾಳೆ ಬರೆದವನಿಗೆ ಇದು ಮೊದಲೇ ಗೊತ್ತಿದ್ದರೆ ಶಾಯಿಯಾದರೂ ಉಳಿಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಗಡಿಗೆಯೊಂದು ಒಂಟಿಯಾಗಿ ಉಳಿಯಿತು. ಜಗದೇವಪ್ಪನಿಗೆ ಮತ್ತೆ ಧೈರ್ಯ ಬಂತು. "ಮತ್ತ ಇದು ಯಾರದು? ಇದನ್ನ ಹೇಳ್ರಿ."

ಅಂಬಮ್ಮ ಗುಂಪು ಸೀಳಿಕೊಂಡು ಬಂದಳು. ಏಟು ಬಿತ್ತೆಂದೇ ಸೂಗಮ್ಮ ಕಣ್ಣು ಮುಚ್ಚಿದಳು.

"ನಂದದ" ಎಂದಳು ಅಂಬಮ್ಮ ಮಗನಿಗೆ. "ನಮ್ಮತ್ತಿ ಬದುಕಿದ್ದಾಗಿಂದ ಇಡಾಕತ್ತೀನಿ."

ಅಂಗಳದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಗುಲ್ಶನ್ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಸೂಗಮ್ಮ ಅತ್ತೆಯೆದುರು ಹಲ್ಲು ಕಾಣುವಂತೆ ನಕ್ಕದ್ದು ಅಂದೇ ಮೊದಲು. ಊರು ಬಿಡುವ ಮಾತನ್ನು ಮತ್ತೆ ಎತ್ತುವ ಮುಖ ಗೌಡನಿಗೆ ಉಳಿಯಲಿಲ್ಲ. ಜಗದೇವಪ್ಪ ತೆಪ್ಪಗೆ ಬಗ್ಗಿ ತಾಯಿಯ ಗಡಿಗೆಯನ್ನು ಮನೆಗೆ ಒಯ್ಯಲು ಹೆಗಲಿಗೇರಿಸಿದ.

"ಅತ್ತಾಗ ಎಲ್ಲಿ ಒಯ್ತಿ?" ಎಂದು ಅಂಬಮ್ಮ ಗದರಿದಳು. "ಗುಲ್ಶನ್ ಮನ್ಯಾಗ ಎಲ್ಲಿತ್ತೋ ಅಲ್ಲೇ ಇಟ್ಟು ಬಾ. ನಮ್ಮ ಮನ್ಯಾಗ ಕಳ್ಳರದಾರ."