ನೀರು ತೋರಿಸುತ್ತಿದ್ದ ಸಿದರಾಯ ಮಾಮಾ

ಸಿದರಾಯ ಮಾಮಾ ಬಾವಿಗೆ ಜಾಗ ನೋಡಲು ಹೋದರೆ ಮೊದಲು ಚಪ್ಪಲಿ ಬಿಚ್ಚಿ ಬದುವಿನ ಮೇಲೆ ಇಡುತ್ತಿದ್ದ. ಆಮೇಲೆ ಅವನನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಎರೆಮಣ್ಣಿನ ಮೇಲೆ ಬರಿಗಾಲಿನಲ್ಲಿ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ನಡೆಯುತ್ತಿದ್ದ. ನಡುನಡುವೆ ಕುಕ್ಕರಗಾಲಿನಲ್ಲಿ ಕೂತು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ. ಕೊನೆಗೆ ಒಂದು ಕಡೆ ಹಿಮ್ಮಡಿ ಒತ್ತಿ, "ಇಲ್ಲಿ ತೋಡ್ರಿ. ಕಲ್ಲು ಬರ್ತೈತಿ, ಅಂಜಬ್ಯಾಡ್ರಿ. ಕಲ್ಲಿನ ಕೆಳಗ ನೀರು ಐತಿ," ಎನ್ನುತ್ತಿದ್ದ.

ಅವನು ನನ್ನ ತಾಯಿಯ ಅಣ್ಣ, ಉತ್ತರದ ಒಣಸೀಮೆಯ ಐಗಳಿ ಊರಿನವನು. ಸ್ವಲ್ಪ ಹೊಲ, ಒಂದಿಷ್ಟು ಕುರಿ ಇದ್ದವು. ನೀರು ತೋರಿಸಿದ್ದಕ್ಕೆ ಒಂದು ಊಟ ಬಿಟ್ಟರೆ ಯಾರ ಹತ್ತಿರವೂ ಏನನ್ನೂ ಮುಟ್ಟುತ್ತಿರಲಿಲ್ಲ. ಹತ್ತಿರದ ತೆಲಸಂಗದಲ್ಲೊಮ್ಮೆ ಅವನು ಹೇಳಿದ ಆಳ ದಾಟಿದರೂ ಬಾವಿ ಒಣಗಿಯೇ ಇತ್ತು. ಬಾವಿ ತೋಡಿಸಿದವರು ಜಗಳಕ್ಕೆ ಬಂದರು. ಮಾಮಾ ಹಗ್ಗ ಹಿಡಿದು ಕೆಳಗಿಳಿದ. ತಳದ ಕಲ್ಲಿಗೆ ಅಂಗೈ ಇಟ್ಟು ಕೂತು, "ಕಲ್ಲು ಥಂಡ ಐತಿ! ನೀರು ಬಾಗಲದಾಗ ನಿಂತೈತಿ, ನೀವು ಒಳಗ ಕರೀರಿ," ಎಂದು ಅಲ್ಲಿಂದಲೇ ಕೂಗಿದ. ಮತ್ತೆರಡು ಅಡಿಗೆ ಸೆಲೆ ಒಡೆಯಿತು. ಅಂದಿನಿಂದ ಆ ಸೀಮೆಯಲ್ಲಿ ಅವನ ಮಾತನ್ನು ಯಾರೂ ಅನುಮಾನಿಸಲಿಲ್ಲ. ಅವನೂ ತನ್ನನ್ನು ಅನುಮಾನಿಸಿಕೊಂಡವನಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನನಗೆ ಮಂಗಳೂರಿನಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ಒಂದು ಬೇಸಿಗೆ ಮಾಮಾ ಜೋಳದ ಹಿಟ್ಟು, ಶೇಂಗಾ ಚಟ್ನಿ ಕಟ್ಟಿಕೊಂಡು ನನ್ನನ್ನು ನೋಡಲು ಬಂದ. ನನ್ನ ಬಾಡಿಗೆ ಮನೆಯ ತನಕ ಬಂದವನು ಒಳಗೆ ಬಾರದೆ ಅಂಗಳದ ಬಾವಿಯ ಹತ್ತಿರ ನಿಂತುಬಿಟ್ಟ. ಅಂಥ ಬಿಸಿಲುಗಾಲದಲ್ಲೂ ನಾಲ್ಕು ಮಾರು ಆಳಕ್ಕೇ ನೀರು. ಪಕ್ಕದ ಮನೆಯಲ್ಲೂ ಬಾವಿ, ಅದರಾಚೆಯ ಮನೆಯಲ್ಲೂ ಬಾವಿ.

"ಇದನ್ನ ತೋರಿಸಿದವರು ಯಾರ್ರಿ?" ಎಂದು ಮನೆಯೊಡತಿ ಸುಮತಿಯಮ್ಮನನ್ನು ಕೇಳಿದ.

"ತೋರಿಸುವುದು ಎಂತದ್ದು ಮಾರಾಯ್ರೆ? ಇಲ್ಲಿ ಎಲ್ಲಿ ತೋಡಿದರೂ ನೀರು ಬರ್ತದೆ."

ಮಾಮಾ ನನ್ನ ಮುಖ ನೋಡಿದ. ಚಪ್ಪಲಿ ಬಿಚ್ಚಿ ಅಂಗಳ, ಹಿತ್ತಿಲು ಎಲ್ಲ ಸುತ್ತಿ ಬಂದು ಮೆಟ್ಟಿಲ ಮೇಲೆ ಕೂತ. "ಶೋಭಾ, ಕಾಲು ಎಲ್ಲಾ ಕಡೆ ಐತಿ ಅಂತೈತಿ. ಎಲ್ಲಿ ಇಲ್ಲ ಅನ್ನೂದು ತಿಳೀವಲ್ದು. ಇಲ್ಲದ್ದು ತಿಳೀದಿದ್ರ ಇದ್ದದ್ದು ಹೆಂಗ ತಿಳೀಬೇಕು?"

ಮರುದಿನ ಸಂಜೆ ಸಮುದ್ರ ತೋರಿಸಿದೆ. ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡವನು ಥೂ ಎಂದು ಉಗುಳಿ, ಕಣ್ಣಿಗೆ ಎಟುಕುವಷ್ಟು ದೂರ ನೋಡಿದ. "ಅಷ್ಟೂ ಹಿಂಗ ಐತೇನು?"

"ಅಷ್ಟೂ, ಮಾಮಾ."

"ದೇವ್ರು ಯಾರ ಸಲುವಾಗಿ ಇಟ್ಟಾನ ಇದನ್ನ?"

ಅಂದು ಅವನು ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ಸುಮತಿಯಮ್ಮ ನಮ್ಮನ್ನು ತನ್ನ ತಮ್ಮ ವಾಸಣ್ಣನ ಹಳ್ಳಿಗೆ ಕರೆದೊಯ್ದಳು. ಹೊಳೆ ಸಮುದ್ರ ಸೇರುವಲ್ಲಿನ ಊರು. ಮನೆಯ ಮುಂದೆ ಹೊಳೆ, ಹಿಂದೆ ಬಾವಿ, ಎರಡೂ ತುಂಬಿದ್ದವು. ಆದರೆ ಬೇಸಿಗೆಯಲ್ಲಿ ಬಾವಿಗೆ ಉಪ್ಪು ಏರುತ್ತಿತ್ತು. ವಾಸಣ್ಣನ ಹೆಂಡತಿ ಕೊಡ ಎತ್ತಿಕೊಂಡು ಕುಡಿಯುವ ನೀರಿಗೆ ಗುಡ್ಡದ ಬುಡದವರೆಗೆ ಹೋಗುವುದನ್ನು ಮಾಮಾ ಬಾಯಿ ತೆರೆದು ನೋಡಿದ.

"ನೀವು ನೀರು ನೋಡುವವರಂತೆ," ಎಂದ ವಾಸಣ್ಣ. "ಸಿಹಿನೀರು ಸಿಗುವ ಒಂದು ಜಾಗ ಹೇಳಿ. ಇವಳು ಇಷ್ಟು ದೂರ ಹೊರುವುದು ತಪ್ಪಲಿ."

ಮಾಮಾ ಮಧ್ಯಾಹ್ನದವರೆಗೆ ನಡೆದ. ಮೂರು ಕಡೆ ನಿಂತ, ಮೂರು ಕಡೆಯಿಂದಲೂ ಮುಂದೆ ಹೋದ. ಮಣ್ಣು ರುಚಿ ನೋಡಿ, ಬಾಯಿ ಮುಕ್ಕಳಿಸಿ, ಮತ್ತೆ ನೋಡಿದ. "ಮಣ್ಣು ಉಪ್ಪೈತೋ, ನನ್ನ ನಾಲಿಗಿ ಉಪ್ಪಾಗೈತೋ," ಎಂದು ಗೊಣಗಿದ. ಕಡೆಗೆ ಒಂದು ಗೇರುಮರದ ಕೆಳಗೆ ಹಿಮ್ಮಡಿ ಒತ್ತಿದವನು ಅದನ್ನು ಎತ್ತಿ, ತಿರುಗಿಸಿ, ತನ್ನದಲ್ಲವೇನೋ ಎಂಬಂತೆ ನೋಡಿಕೊಂಡ.

"ಇಲ್ಲಿ ಇರಬೇಕ್ರಿ. ಖಾತ್ರಿ ಹೇಳಾಕ ಬರೂದಿಲ್ಲ."

ಅವನ ಬಾಯಲ್ಲಿ 'ಇರಬೇಕು' ಎಂಬ ಮಾತನ್ನು ನಾನು ಅದೇ ಮೊದಲು ಕೇಳಿದ್ದು.

ಊರಿಗೆ ಮರಳಿದ ಮೇಲೆ ಅವನು ಯಾರಿಗೂ ಜಾಗ ತೋರಿಸಲಿಲ್ಲ. ಜನ ಕರೆದರೆ ಹೋಗುತ್ತಿದ್ದ, ನಡೆಯುತ್ತಿದ್ದ, "ತಡೀರಿ, ಆ ಕಡಿಂದ ಸುದ್ದಿ ಬರ್ಲಿ," ಎಂದು ಬಂದುಬಿಡುತ್ತಿದ್ದ. ನನಗೆ ಬರೆಸಿದ ಪ್ರತಿ ಕಾಗದದಲ್ಲೂ ಒಂದೇ ಕೇಳಿಕೆ: ತೋಡಿದರೇನು? ಸಿಹಿಯೋ, ಉಪ್ಪೋ? ವಾಸಣ್ಣ ಆ ವರ್ಷವೂ ತೋಡಿಸಲಿಲ್ಲ, ಮರುವರ್ಷವೂ ತೋಡಿಸಲಿಲ್ಲ. ಅಷ್ಟರಲ್ಲಿ ನನಗೆ ನಿಪ್ಪಾಣಿಗೆ ವರ್ಗವಾಯಿತು. ಐಗಳಿಗೆ ಬೋರು ಕೊರೆಯುವ ಲಾರಿಗಳು ಬರತೊಡಗಿದವು. ಮಾಮಾನನ್ನು ಕರೆಯುವವರು ಕಡಿಮೆಯಾದರು.

ಕೊನೆಗೆ ಸುಮತಿಯಮ್ಮನ ಕಾಗದ ಬಂತು. ಅದನ್ನು ಹಿಡಿದು ನಾನು ಐಗಳಿಗೆ ಹೋದಾಗ ಮಾಮಾ ಹಾಸಿಗೆ ಹಿಡಿದಿದ್ದ. ಎದೆಯಲ್ಲಿ ಕಫ, ಧ್ವನಿ ಸಣ್ಣಗಾಗಿತ್ತು.

"ಗೇರುಮರದ ಬುಡಕ್ಕ ತೋಡ್ಯಾರ, ಮಾಮಾ. ನೀರು ಬಂದೈತಿ. ಮಳಿಗಾಲದಿಂದ ಶಿವರಾತ್ರಿತನಕ ಸಿಹಿ ಅಂತ. ಆಮ್ಯಾಲೆ ಉಪ್ಪು."

ಅವನು ತೊಲೆಯಿಂದ ಕಣ್ಣು ಕಿತ್ತು ನನ್ನನ್ನು ನೋಡಿದ. "ಅಂದ್ರ ನಾ ತೋರಿಸಿದ್ದು ಖರೆ ಆತೋ, ಸುಳ್ಳಾತೋ?"

ನಾನು ಕಾಗದ ಮಡಚಿದೆ.

"ನೀ ಕಲ್ತಾಕಿ. ಹೇಳ."

"ವಿಚಾರ ಮಾಡಿ ಹೇಳ್ತೀನಿ, ಮಾಮಾ."

"ಮಾಡು. ಅವಸರಿಲ್ಲ," ಎಂದು ಕಣ್ಣು ಮುಚ್ಚಿದ.

ಎಂಟನೆಯ ದಿನ ಐಗಳಿಯಿಂದ ನಮ್ಮ ನಿಪ್ಪಾಣಿ ಎಕ್ಸ್‌ಚೇಂಜಿಗೆ ಮಾಮಾ ಹೋದ ಸುದ್ದಿಯ ಫೋನು ಬಂತು. ಕರೆ ಎತ್ತಿಕೊಂಡವಳು ನಾನೇ. ನಾನಿನ್ನೂ ವಿಚಾರ ಮಾಡುತ್ತಲೇ ಇದ್ದೆ.