ಬಂಪರಿನಲ್ಲಿ ಮುಚ್ಚಿದ ತೂತು

ಮೊನ್ನೆ ಎದುರಿನ ಅಂಗಡಿಯ ಕಬ್ಬಿಣದ ಬಾಗಿಲಿಗೆ ತಗ್ಗು ತುಂಬುವ ಪುಟ್ಟಿ ಮೆತ್ತುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗ್ಯಾರೇಜಿನವನು ನೆನಪಾದ. ಎಂಟು ವರ್ಷ ಅದೇ ಘಾಟಿನ ಪಕ್ಕದಲ್ಲಿ ಕೂತು ರೊಟ್ಟಿ ಬಡಿದವಳು ನಾನು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಚಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಬರೆಯುತ್ತೇನೆ.

ಶಿಗ್ಗಾವಿಯ ಹೆದ್ದಾರಿ ಬದಿಗೆ ನಮ್ಮಿಬ್ಬರ ಅಂಗಡಿ. ನಡುವೆ ಒಂದು ತಗಡು, ಅಷ್ಟೇ. ಜಜ್ಜಿಹೋದ ಗಾಡಿಗಳನ್ನು ನೆಟ್ಟಗೆ ಮಾಡಿ ಬಣ್ಣ ಹೊಡೆಯುವುದು ಅವನ ಕೆಲಸ. ದೇವರಂಥವನೇನಲ್ಲ. ಹೇಳಿದ ದಿನಕ್ಕೆ ಯಾರಿಗೂ ಗಾಡಿ ಕೊಟ್ಟವನಲ್ಲ. ಆದರೆ ಕೈ ಮಾತ್ರ... "ತೋರಸ್ರಿ ನೋಡೋಣು, ಎಲ್ಲಿ ಬಡದಿತ್ತು?" ಎಂದು ಗಾಡಿಯವರಿಗೇ ಸವಾಲು ಹಾಕಿ ನಗುತ್ತಿದ್ದ. ಅವರಿಗೆ ಸಿಗುತ್ತಿರಲಿಲ್ಲ.

ಒಂದು ದಿನ ಹಾನಗಲ್ಲಿನ ಅಡತಿ ವ್ಯಾಪಾರಿಯೊಬ್ಬರ ಮಗ ಕೆಂಪು ಸ್ಪೋರ್ಟ್ಸ್ ಕಾರು ತಂದ. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಕಂಪನಿಯ ಮುಂದಿನ ಬಂಪರ್ ತೆಗೆದು, ಹೊರಗಿನಿಂದ ತರಿಸಿದ ಅಗಲ ಮೂತಿಯ ಫೈಬರ್ ಬಂಪರ್ ಕೂರಿಸಬೇಕಿತ್ತು. ಗ್ಯಾರೇಜಿನವನು ಮೂರು ಸಲ ಹಚ್ಚಿ ಮೂರು ಸಲ ಬಿಚ್ಚಿದ, ಬೋಲ್ಟು ಕೂಡಲಿಲ್ಲ. "ಅವ್ವಾ, ಒಂದ್ ಕಡೆ ಹಿಡೀ ಬಾ," ಎಂದ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಹೋಗಿ ಹಿಡಿದೆ.

ಬಂಪರಿನ ಬಲಗಡೆ ಮುಷ್ಟಿಯಷ್ಟು ತೂತಿತ್ತು. ಗಾಡಿ ಸಿಕ್ಕಿಬಿದ್ದರೆ ಹಗ್ಗ ಕಟ್ಟಿ ಎಳೆಯಲು ಒಳಗೊಂದು ಕಬ್ಬಿಣದ ಬಳೆ. ಆ ತೂತು ಅದಕ್ಕೆ ದಾರಿ.

"ಇದೇನ್ ಮಾಮಾ, ಹಲ್ಲು ಬಿದ್ದ ಬಾಯಿ ಇದ್ದಂಗ ಐತಿ. ಮುಚ್ಚಿಬಿಡು," ಎಂದ ಆ ಹುಡುಗ.

"ಎಲ್ಲೆರ ಸಿಕ್ಕೊಂಡ್ರ ಎಳ್ಯಾಕ ಬೇಕಾಗತೈತ್ರಿ ಸಾಹುಕಾರ್ರ."

"ಇದನ್ನ ಎಳ್ಯಾಂವ ಯಾಂವ? ಇದರ ಸನೇಕ ಬರೋ ಗಾಡೀನ ಇಲ್ಲ!"

ಗ್ಯಾರೇಜಿನವನು ನನ್ನ ಮುಖ ನೋಡಿದ. "ಏನ್ ಮಾಡ್ಲಿಬೇ?"

ನನ್ನ ತೋಳು ಸೋತಿತ್ತು. ರೊಟ್ಟಿ ಸೀದ ವಾಸನೆ ಬರುತ್ತಿತ್ತು. "ಮುಚ್ಚಿ ಕಳಸಪಾ. ಗಾಡಿಯಾಂವನ ಬ್ಯಾಡ ಅಂದಮ್ಯಾಲ ನಿಂದೇನು?" ಎಂದೆ.

ಮುಚ್ಚಿದ. ಎರಡು ದಿನ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದ. ಬೆರಳಾಡಿಸಿದರೂ ತಿಳಿಯದಂಥ ಕೆಲಸ.

ತಿಂಗಳೊಳಗೆ ಒಂದು ಮುಂಜಾನೆ ಅವನಿಗೆ ಫೋನು ಬಂತು. ಆ ಹುಡುಗನದೇ, ಕಾರಿನೊಳಗಿನಿಂದ. ಕೆರೆ ಏರಿಯ ಮೇಲೆ ಎದುರು ಬಂದ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹಿಂದೆ ಸರಿದಿದ್ದ. ಗಾಡಿಯ ಹಿಂಭಾಗ ನೀರಿಗೆ ಜಾರಿತ್ತು. ಬಾಗಿಲು ಕೆಸರಿಗೆ ಕಚ್ಚಿಕೊಂಡಿದ್ದವು, ಗಾಜು ಇಳಿಯುತ್ತಿರಲಿಲ್ಲ, ಬಡಿದರೂ ಒಡೆಯುತ್ತಿರಲಿಲ್ಲ. ಟ್ರ್ಯಾಕ್ಟರಿನವರು ಹಗ್ಗ ಹಿಡಿದು ಮುಂದೆ ನಿಂತಿದ್ದರು.

"ಮಾಮಾ, ಹಗ್ಗ ಎಲ್ಲಿ ಹಾಕೂದು? ಇವ್ರಿಗೆ ಏನೂ ಕಾಣವಲ್ದಂತ!"

"ಬಲಕ್ರಿ! ನಂಬರ್ ಪ್ಲೇಟಿನಿಂದ ಒಂದ್ ಗೇಣು ಬಲಕ್ಕ! ಕಲ್ಲು ತಗೊಂಡು ಒಡೀರಿ ಅನ್ರಿ!"

"ಯಾರ ಬಲಕ್ಕ ಮಾಮಾ? ನಂದೋ, ಅವರದೋ?"

ಸ್ಪೀಕರ್ ಹಾಕಿದ್ದ, ಕಲ್ಲಿನ ಸಪ್ಪಳ ತಗಡಿನ ಈಚೆ ನನಗೂ ಕೇಳಿತು. ಎಲ್ಲೆಲ್ಲಿಯೋ ಬಡಿಯುತ್ತಿದ್ದರು. ಕಡೆಗೆ ತಾಳಲಾರದೆ ಬಂಪರಿಗೇ ಹಗ್ಗ ಸುತ್ತಿ ಎಳೆದರಂತೆ. ಬಂಪರ್ ಕಿತ್ತು ಬಂತು, ಗಾಡಿ ಕೆರೆಯೊಳಗೆ ಹೋಯಿತು. ಫೋನಿನಲ್ಲಿ... ಅದನ್ನು ಬರೆಯುವುದಿಲ್ಲ.

ಹುಡುಗನ ತಿಥಿಕಾರ್ಯ ಮುಗಿದ ಮೇಲೆ ಅವನ ಅಪ್ಪ ಗ್ಯಾರೇಜಿಗೆ ಬಂದರು. ಬೈಯಲಿಲ್ಲ. "ಆ ತೂತು ಮುಚ್ಚು ಅಂದಾವ್ರು ಯಾರು?" ಎಂದಷ್ಟೇ ಕೇಳಿದರು. ಗ್ಯಾರೇಜಿನವನು ಅವರ ಮಗನ ಹೆಸರು ಹೇಳಬಹುದಿತ್ತು. ನನ್ನ ಹೆಸರೂ ಹೇಳಬಹುದಿತ್ತು.

"ಯಾರೂ ಅಲ್ರಿ. ನಾನ ಮುಚ್ಚಿದ್ನಿ," ಎಂದ.

ತಗಡಿನ ಈಚೆ ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ಕೈ ನಿಲ್ಲಿಸಲಿಲ್ಲ.

ಅವನು ಮತ್ತೆ ಪುಟ್ಟಿ ಕಲಸಲಿಲ್ಲ. ಅಂಗಡಿ ಕಿತ್ತು, ಹೆಂಡತಿಯ ತವರು ಹಿರೇಕೆರೂರಿಗೆ ಹೋಗಿ ಗೋವಿನಜೋಳದ ಚೀಲ ಹೊರುತ್ತಿದ್ದ. ಹೋಗುವಾಗ ನನಗೆ "ಬರ್ತೇನಿಬೇ" ಎಂದ. ಹೋದ ವರ್ಷ ಅಲ್ಲೇ ಸತ್ತ.

ನಿನ್ನೆ ಬಸ್ಸು ಹತ್ತಿ ಹಿರೇಕೆರೂರಿಗೆ ಹೋದೆ. ಅವನ ಹೆಂಡತಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. "ಆ ಕೆಂಪು ಕಾರಿನ ತೂತು ಮುಚ್ಚು ಅಂದಾಕಿ ನಾನವ್ವಾ," ಎಂದೆ.

ಅವಳು ಮೊರ ಕೆಳಗಿಡಲಿಲ್ಲ. "ಇದನ್ನ ಆವತ್ತ ಆ ಹುಡುಗನ ಅಪ್ಪನ ಮುಂದ ಹೇಳೂದಿತ್ತಲ್ರಿ," ಎಂದಳು. "ನನ್ನ ಮುಂದ ಹೇಳಿದ್ರ ನಾ ಏನ್ ಮಾಡ್ಲಿ?"

ನೀರು ಕೊಡಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ಬಸ್ಸಿಗೆ ತಿರುಗಿ ಬಂದೆ.