ಡೋರೀನ್ ಒಣಹಾಕಿದ ನೀಲಿ ಬೆಡ್‌ಶೀಟು

ಮಿಶಿಗನ್ನಿನ ಆ ಬಡಾವಣೆಯಲ್ಲಿ ಹೊರಗೆ ಬಟ್ಟೆ ಒಣಹಾಕುವುದು ತಪ್ಪು. ಮನೆಗಳೇನೋ ಅವರವರದೇ, ಲಾರಿಯ ಹಿಂದೆ ಕಟ್ಟಿ ಎಳೆದು ತಂದ ಗಾಲಿಮನೆಗಳು. ಆದರೆ ಕೆಳಗಿನ ನೆಲ ಕಂಪನಿಯದು, ಕಾನೂನೂ ಅದರದೇ. ಹಗ್ಗ ಕಂಡರೆ ನೋಟಿಸು. ಮೂರನೆಯ ನೋಟಿಸಿಗೆ ಮನೆ ಎತ್ತಿಕೊಂಡು ಹೊರಡಬೇಕು. ಹೆಸರಿಗೆ ಗಾಲಿಮನೆಯಾದರೂ ಇಷ್ಟು ವರ್ಷ ನಿಂತಲ್ಲೇ ನಿಂತದ್ದನ್ನು ಎಳೆದರೆ ಗೋಡೆಯೇ ಕೈಗೆ ಬರುತ್ತದೆ. ಹಾಗಾಗಿ ಗೇಟಿನ ಪಕ್ಕದ ಗ್ಲೆಂಡಾ ಗುರುತಿಲ್ಲದ ಕಾರು ಕಂಡಕೂಡಲೇ ಬಾಣಲೆ ಬಡಿಯುತ್ತಾಳೆ. ಹೆಂಗಸರು ಕೈಲಿದ್ದದ್ದನ್ನು ಬಿಟ್ಟು, ಹಗ್ಗದ ಬಟ್ಟೆ ಎಳೆದುಕೊಳ್ಳಲು ಹಿತ್ತಲಿಗೆ ಓಡುತ್ತಾರೆ. ಗಂಡಸರು ಓಡಿದ್ದನ್ನು ಯಾರೂ ಕಂಡಿಲ್ಲ.

ಆನಿಕಾ ವೋಸ್ ಬಂದ ದಿನವೂ ಬಾಣಲೆ ಸದ್ದು ಮಾಡಿತು. ಡೋರೀನ್ ಹಕಾಬಿ ಒದ್ದೆ ಬಟ್ಟೆಯನ್ನೆಲ್ಲ ಸ್ನಾನದ ತೊಟ್ಟಿಗೆ ಸುರಿದು, ಬಾಗಿಲನ್ನು ಅರ್ಧ ತೆರೆದಳು. ಹುಡುಗಿ ಗಾಲಿಮನೆಗಳ ಬಗ್ಗೆ, ಬಡವರ ಕೈಗೆಟಕುವ ವಸತಿಯ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದಳಂತೆ.

“ಇದಕ್ಕೆ ನಿಂಗೆ ದುಡ್ಡು ಯಾರು ಕೊಡ್ತಾರೆ?”

“ಒಂದು ಸಂಶೋಧನಾ ನಿಧಿಯಿಂದ ಬರುತ್ತೆ ಮೇಡಂ.”

“ನಾವು ಹೆಂಗೆ ಬದುಕ್ತೀವಿ ಅಂತ ಕೇಳೋಕೆ ನಿಂಗೆ ಸಂಬಳ. ಬದುಕಿದ್ದಕ್ಕೆ ನಮಗೆ ಯಾರೂ ಕೊಡ್ಲಿಲ್ಲ ನೋಡು.”

ಹುಡುಗಿ ನಕ್ಕಳು. ಡೋರೀನ್ ನಗಲಿಲ್ಲ. ಹಿಂದಿನ ವರ್ಷ ಇಂಥದೇ ನಗುಮುಖದವನೊಬ್ಬ ಬಂದು ಕಾಫಿ ಕುಡಿದು, ಮನೆ ಹೊಗಳಿ ಹೋಗಿದ್ದ. ಅವನ ಬೆನ್ನಿಗೇ ನೆಲದ ಬಾಡಿಗೆ ಏರಿತ್ತು.

“ಚಳಿಗೆ ಪೈಪು ಹೆಪ್ಪುಗಟ್ಟಿದ್ರೆ ಯಾರು ನೋಡ್ಕೋತಾರೆ?” ಆನಿಕಾ ಕೇಳಿದಳು.

“ನಾವೇ ನೋಡ್ಕೋತೀವಿ,” ಎಂದ ಡೋರೀನ್‌ಳ ಗಂಡ ವೆಂಡೆಲ್, ಒರಗು ಕುರ್ಚಿಯಿಂದ ಏಳದೆ.

ಆ ‘ನಾವು’ ಎಂದರೆ ಡೋರೀನ್. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆಲ್ಲ ಬಡಿಸಿ ಬಂದವಳು, ಹಿಮದಲ್ಲಿ ಹೊಟ್ಟೆಯ ಮೇಲೆ ತೆವಳುತ್ತ ಮನೆಯಡಿಗೆ ತೂರಿ, ಕೂದಲು ಒಣಗಿಸುವ ಯಂತ್ರವನ್ನು ಪೈಪಿಗೆ ಹಿಡಿಯುತ್ತಿದ್ದಳು. ನೀರು ಬಂತೆಂದು ತಿಳಿಸಲು ಮೇಲಿನಿಂದ ಕಾಲು ಕುಟ್ಟುವುದು ವೆಂಡೆಲ್‌ನ ಪಾಲಿನ ಕೆಲಸ.

ಹೊರಡುವಾಗ ಹುಡುಗಿ ಕೇಳಿದಳು: “ಶನಿವಾರ ಹೆಂಗಸರೆಲ್ಲ ಸೇರ್ತೀರಂತಲ್ಲ, ನಾನೂ ಬರ್ಲಾ?”

“ನೋಡೋಣ,” ಎಂದು ಡೋರೀನ್ ಬಾಗಿಲು ಹಾಕಿಕೊಂಡಳು. ಎಲ್ಲರೂ ಸೇರಿ ಸಾಲ ಎತ್ತಿ ಆ ನೆಲವನ್ನೇ ಕೊಳ್ಳುವ ಮಾತು ಅಲ್ಲಿ ನಡೆಯುತ್ತಿತ್ತು. ಕಂಪನಿಯ ಕಿವಿಗೆ ಬಿದ್ದರೆ ಅದು ಬೇರೆಯವರಿಗೆ ಮಾರಿ ಕೈತೊಳೆದುಕೊಳ್ಳುತ್ತದೆ. ಶನಿವಾರದ ಸುದ್ದಿ ಬಿಟ್ಟುಕೊಟ್ಟವಳು ಗ್ಲೆಂಡಾಳೇ ಇರಬೇಕು, ಅವಳ ಬಾಯಿಗೆ ಬೀಗವಿಲ್ಲ, ಸರಿ. ಆದರೆ ಈ ಹುಡುಗಿ ಯಾರ ಕಿವಿ?

ಆನಿಕಾ ಮತ್ತೆ ಬಂದಾಗ ಡೋರೀನ್ ಬೇಕೆಂದೇ ಅವಳನ್ನು ಅಡುಗೆಮನೆಯ ಕಿಟಕಿಯ ಪಕ್ಕ ಕೂರಿಸಿ, ಹಿತ್ತಲಿಗೆ ಹೋಗಿ, ನೀಲಿ ಬೆಡ್‌ಶೀಟನ್ನು ಹಗ್ಗದ ಮೇಲೆ ಹರವಿದಳು. ಹಿತ್ತಲ ಆಚೆ ಬರೀ ಕಾಡು. ಹಗ್ಗ ಕಾಣುವುದು ಆ ಕಿಟಕಿಯೊಂದರಿಂದಲೇ. ಆಗಲೇ ಒಂದು ನೋಟಿಸು ಬಂದಿತ್ತು. ಹಾವಿದೆಯೋ ಇಲ್ಲವೋ ನೋಡಲು ಹುತ್ತಕ್ಕೆ ಕೈ ಹಾಕಿದಂತಾಯಿತು. ಹುಡುಗಿ ನೋಡಿದಳು, ಕಾಫಿ ಮುಗಿಸಿ ಹೋದಳು. ಅವಳ ಕಾರು ಗೇಟು ದಾಟಿದ ಮೇಲೆ ಡೋರೀನ್, ವೆಂಡೆಲ್ ಸಾರು ಚೆಲ್ಲಿಕೊಂಡಿದ್ದ ಉಣ್ಣೆಯ ಉದ್ದ ಚಡ್ಡಿಯನ್ನೂ ಒಗೆದು ಪಕ್ಕಕ್ಕೆ ಹಾಕಿದಳು. ಸಂಜೆಗೆ ಎರಡನ್ನೂ ಒಳಗೆ ತಂದಳು.

ಆ ವಾರದಲ್ಲೇ ಮ್ಯಾನೇಜರ್ ಡ್ವೈಟ್ ಎರಡನೆಯ ನೋಟಿಸು ಹಿಡಿದು ಬಂದ.

“ಏನಮ್ಮ ಡೋರೀನ್, ನೀಲಿ ಬೆಡ್‌ಶೀಟು! ಸಾಲದ್ದಕ್ಕೆ ಪಕ್ಕದಲ್ಲಿ ನಿನ್ ಗಂಡನ ಚಡ್ಡಿ ಬೇರೆ. ಬಾವುಟ ಹಾರಿಸಿದ್ಯಾ?”

ಸಿಕ್ಕಿಬಿದ್ದೆಯಲ್ಲೇ ಹುಡುಗಿ, ಎಂದು ಹಲ್ಲು ಕಡಿಯುತ್ತ ಡೋರೀನ್ ಗ್ಲೆಂಡಾಳಿಗೆ ಫೋನು ಮಾಡಲು ಹೋದಳು. ಅರ್ಧ ಹಾದಿಯಲ್ಲಿ ಕಾಲು ನಿಂತಿತು. ಚಡ್ಡಿ ಹಾಕಿದ್ದು ಹುಡುಗಿ ಹೋದ ಮೇಲಲ್ಲವೇ? ಆ ಹೊತ್ತಿನಲ್ಲಿ ಕಿಟಕಿಯ ಈಚೆ ಇದ್ದವನು ಒಬ್ಬನೇ.

“ಡ್ವೈಟ್‌ಗೆ ಏನ್ ಹೇಳ್ದೆ?”

“ಏನೂ ಇಲ್ಲ ಕಣೆ,” ಎಂದ ವೆಂಡೆಲ್, ಟಿವಿಯಿಂದ ಕಣ್ಣು ತೆಗೆಯದೆ. “ಬಿಯರ್ ಕುಡೀತಾ ಹಂಗೇ ಮಾತು ಬಂತು. ನನ್ ದೋಣಿ ನಿಲ್ಸೋಕೆ ಬಾಡಿಗೆ ಇಲ್ದೆ ಜಾಗ ಕೊಟ್ಟಿಲ್ವಾ ಅವ್ನು? ಕೇಳಿದ್ದಕ್ಕೆ ಎರಡು ಮಾತು ಹೇಳ್ಬಾರ್ದಾ?”

“ಶನಿವಾರದ ವಿಷ್ಯ?”

“ಅದನ್ನ ಇನ್ನೂ ಕೇಳಿಲ್ಲ ಅವ್ನು.”

ಡೋರೀನ್ ಜಗಳವಾಡಲಿಲ್ಲ. ಮನೆಮನೆಗೆ ಹೋಗಿ ಹೆಂಗಸರ ಕಿವಿಯಲ್ಲಿ ಮಾತ್ರ ಶನಿವಾರ ಸೇರುವ ಜಾಗ ಬದಲಾದದ್ದನ್ನು ಹೇಳಿಬಂದಳು. ಕೊನೆಗೆ ಆನಿಕಾಳಿಗೂ ಹೇಳಿದಳು.

ಶನಿವಾರ ಬುಟ್ಟಿ ಎತ್ತಿಕೊಂಡಾಗ ವೆಂಡೆಲ್ ಕೇಳಿದ, “ಎಲ್ಲಿಗೆ?”

“ಪೇಟೆಗೆ. ಬಟ್ಟೆ ಒಣಗಿಸೋಕೆ. ಕಾನೂನು ಪ್ರಕಾರ.”

“ನನ್ ಚಡ್ಡಿ?”

“ತೊಟ್ಟೀಲಿ ನೆನೀತಿದೆ. ಒಗೆದ್ಕೋ.”

ಕಾಸು ಹಾಕಿ ತಾವೇ ಬಟ್ಟೆ ಒಗೆದು ಒಣಗಿಸಿಕೊಳ್ಳುವ ಪೇಟೆಯ ಲಾಂಡ್ರಿಯಲ್ಲಿ ಹೆಂಗಸರೆಲ್ಲ ಸೇರಿದ್ದರು. ಯಂತ್ರಗಳೆಲ್ಲ ಗುಡುಗುತ್ತಿದ್ದವು, ಪಕ್ಕದವಳ ಮಾತು ಪಕ್ಕದವಳಿಗಷ್ಟೇ ಕೇಳುತ್ತಿತ್ತು. ಆನಿಕಾ ಬಂದು ಚೀಲದಿಂದ ಧ್ವನಿಮುದ್ರಕ ತೆಗೆದಳು. ಮೂವತ್ತು ವರ್ಷ ಜೊತೆಗೆ ಮಲಗಿದವನ ಮೇಲೇ ಇಲ್ಲದ ನಂಬಿಕೆ ನಿನ್ನೆ ಮೊನ್ನೆ ಬಂದವಳ ಮೇಲೆ ಎಲ್ಲಿಂದ ಬರಬೇಕು?

“ಅದನ್ನ ಒಳಗಿಡು,” ಎಂದಳು ಡೋರೀನ್. “ಬಾ, ಈ ತುದಿ ಹಿಡ್ಕೋ.”

ಹುಡುಗಿ ನೀಲಿ ಬೆಡ್‌ಶೀಟಿನ ತುದಿ ಹಿಡಿದಳು. ಅವಳ ಎರಡು ಕೈಗಳೂ ಬಟ್ಟೆಯ ಮೇಲಿರುವುದನ್ನು ಖಚಿತಪಡಿಸಿಕೊಂಡು ಡೋರೀನ್ ಗ್ಲೆಂಡಾಳತ್ತ ತಿರುಗಿದಳು.

“ಹ್ಞೂಂ, ಶುರುಮಾಡು. ಮೆಲ್ಲಗೆ.”